ಹನ್ನೊಂದನೇ ಪೆಟ್ಟಿಗೆಯ ಗರಗಸ ಮಂಡಲ

ಬಂಡೆಪಳ್ಳಿಯ ಜನ ಅದನ್ನು ಹಾವಿನ ಮನೆ ಎನ್ನುತ್ತಿದ್ದರು. ಬೋರ್ಡಿನ ಮೇಲೆ ಮಾತ್ರ ‘ತಾಲೂಕು ವಿಷ ಸಂಗ್ರಹ ಕೇಂದ್ರ’ ಎಂದು ಬರೆದಿತ್ತು. ಸರಕಾರಿ ಆಸ್ಪತ್ರೆಯ ಹಿಂದಿನ ಆ ಉದ್ದ ಕೋಣೆಯಲ್ಲಿ ಇಪ್ಪತ್ನಾಲ್ಕು ಗಾಜಿನ ಪೆಟ್ಟಿಗೆಗಳಿದ್ದವು. ಒಂದೊಂದರಲ್ಲೂ ಒಂದು ಹಾವು, ಒಂದು ನೀರಿನ ಬಟ್ಟಲು, ಒಂದಿಷ್ಟು ಮರಳು, ಅವಿತುಕೊಳ್ಳಲು ನೆಲಕ್ಕೆ ಹಾಸುವ ಫರಸಿ ಕಲ್ಲಿನ ಒಂದು ತುಂಡು. ಆರು ವರ್ಷಗಳಿಂದ ಅವುಗಳನ್ನು ನೋಡಿಕೊಳ್ಳುತ್ತಿದ್ದವಳು ಜಗದೇವಿ. ಬೆಳಗ್ಗೆ ಎಂಟಕ್ಕೆ ಬಂದು ಬಟ್ಟಲು ತೊಳೆಯುವಳು, ಹೊಲಸು ತೆಗೆಯುವಳು, ವಾರಕ್ಕೊಮ್ಮೆ ಇಲಿಮರಿ ಹಾಕುವಳು, ಬೇಕೆಂದಾಗ ಹಾವಿನ ತಲೆ ಹಿಡಿದು ವಿಷ ತೆಗೆಯುವಳು. ಕೊನೆಯ ಕೆಲಸಕ್ಕೆ ಜಿಲ್ಲೆಯಲ್ಲೇ ಅವಳಷ್ಟು ಗಟ್ಟಿ ಕೈ ಇನ್ನೊಂದಿಲ್ಲ ಎಂದು ಕೇಂದ್ರದ ಮುಖ್ಯಸ್ಥೆ ಡಾಕ್ಟರ್ ರಝಿಯಾ ಇನಾಮದಾರ ಬಂದವರಿಗೆಲ್ಲ ಹೇಳುತ್ತಿದ್ದರು.

ಪಕ್ಕದ ಕೋಣೆಯಲ್ಲಿ ‘ಅಚ್ಚು’ ಇತ್ತು. ಅಲಮಾರಿಯಷ್ಟು ಎತ್ತರದ ಯಂತ್ರ. ಆಗಷ್ಟೇ ತೆಗೆದ ಒಂದು ಹನಿ ವಿಷ ಇಟ್ಟರೆ, ಅದರಲ್ಲಿನ ಪ್ರತಿ ಪ್ರೋಟೀನಿನ ಆಕಾರವನ್ನೂ ಅದು ಓದಿಕೊಂಡು, ಬೀಗ ನೋಡಿ ಕೀಲಿ ಕೊರೆದಂತೆ ಮದ್ದನ್ನು ಅಲ್ಲೇ ತಯಾರಿಸುತ್ತಿತ್ತು. ನಲವತ್ತು ನಿಮಿಷದ ಕೆಲಸ. ಅದಕ್ಕೂ ಮೊದಲು ಕುದುರೆಯ ರಕ್ತದಿಂದ ತೆಗೆದ ಮದ್ದು ದೂರದ ಕಾರ್ಖಾನೆಯಿಂದ ಬರುತ್ತಿತ್ತು. ಇಡೀ ದೇಶಕ್ಕೆ ಅದೊಂದೇ ಮದ್ದು. ಆದರೆ ಹಾವಿನ ವಿಷ ಎಲ್ಲ ಕಡೆಯೂ ಒಂದೇ ಅಲ್ಲ. ಬಂಡೆಪಳ್ಳಿಯ ಕಲ್ಲಿನ ಖಣಿಗಳಲ್ಲಿ ಫರಸಿ ಎತ್ತುವವರ ಬೆರಳಿಗೆ ಕಚ್ಚುವ ಗರಗಸ ಮಂಡಲಕ್ಕೆ ಆ ಮದ್ದು ಅರ್ಧಂಬರ್ಧ ನಾಟುತ್ತಿತ್ತು. ಅಚ್ಚು ಬಂದ ಮೇಲೆ ಆಯಾ ಊರಿನ ಹಾವಿಗೆ ಆಯಾ ಊರಿನಲ್ಲೇ ಮದ್ದು. ಕುದುರೆಗಳನ್ನು ಬಿಟ್ಟುಕೊಟ್ಟರು, ಹಳೆಯ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು.

ಒಂದೇ ತೊಡಕು. ಒಣಗಿಸಿಟ್ಟ ವಿಷ ಯಂತ್ರಕ್ಕೆ ಆಗುತ್ತಿರಲಿಲ್ಲ, ಅದರ ಆಕಾರ ಮುದುಡಿಬಿಡುತ್ತಿತ್ತು. ರೋಗಿಯ ರಕ್ತದಲ್ಲಿರುವಷ್ಟು ವಿಷ ಓದಲು ಸಾಲುತ್ತಿರಲಿಲ್ಲ. ಆದ್ದರಿಂದ ಒಂದೊಂದು ಖಣಿಯಿಂದಲೂ ಒಂದೊಂದು ಜೀವಂತ ಹಾವು ಕೇಂದ್ರದಲ್ಲಿ ಇರಲೇಬೇಕಿತ್ತು. ಹಾವು ಕೊಲ್ಲುವುದು ಅಪರಾಧವಾಯಿತು. ಖಣಿಗಳಲ್ಲಿ ಕುಡಿಯುವ ನೀರಿನ ಕೊಡದ ಪಕ್ಕ ಮುಚ್ಚಳದ ಬಕೆಟ್ಟೂ ಒಂದು ಇಕ್ಕಳವೂ ಬಂದು ಕೂತವು. ಆಸ್ಪತ್ರೆಯ ಮೊಗಸಾಲೆಯಲ್ಲಿ ಒಂದು ಪರದೆ ಬಂತು. ಮದ್ದು ತಯಾರಾದ ಕೂಡಲೇ ಅದು ಯಂತ್ರದಲ್ಲಿ ಮೊದಲೇ ಕಾಯ್ದಿಟ್ಟ ಆ ಹಾವಿನ ವಿಷದ ಹನಿಗೆ ನೂರಕ್ಕೆ ಎಷ್ಟು ಹೊಂದಿದೆ ಎನ್ನುವ ಸಂಖ್ಯೆ ಅದರ ಮೇಲೆ ಮೂಡುವುದು. ತೊಂಬತ್ತು ದಾಟಿದರೆ ಹೊರಗೆ ಕೂತ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡು ಚಹಾ ತರಿಸುವರು. ಊರಲ್ಲಿ ಗಂಡುಹೆಣ್ಣಿನ ಸಂಬಂಧ ಚೆನ್ನಾಗಿ ಕೂಡಿಬಂದರೆ ‘ತೊಂಬತ್ತಾರು ಬಂತು ನೋಡು’ ಎನ್ನುವ ಮಾತೇ ಚಾಲ್ತಿಗೆ ಬಂದಿತ್ತು.

ಹನ್ನೊಂದನೇ ಪೆಟ್ಟಿಗೆಯಲ್ಲಿದ್ದದ್ದು ಹಳೇ ಖಣಿಯ ಗರಗಸ ಮಂಡಲ. ಬಂದು ಎರಡು ವರ್ಷ ದಾಟಿತ್ತು. ಒಂದು ಅಡಿ ಉದ್ದವೂ ಇಲ್ಲದ, ಮಣ್ಣಿನ ಬಣ್ಣದ ಹಾವು. ಹತ್ತಿರ ಹೋದರೆ ಮೈಯನ್ನು ಸುರುಳಿ ಸುತ್ತಿ, ಪಕ್ಕದ ಹುರುಪೆಗಳನ್ನು ಒಂದಕ್ಕೊಂದು ತಿಕ್ಕಿ, ಕಾದ ಹಂಚಿಗೆ ನೀರು ಚಿಮುಕಿಸಿದಂತೆ ಚರ್ರೆಂದು ಸದ್ದು ಮಾಡುತ್ತಿತ್ತು. ಮೊದಲ ವರ್ಷವಿಡೀ ಜಗದೇವಿ ಕೋಣೆಗೆ ಕಾಲಿಟ್ಟ ಕೂಡಲೇ ಆ ಸದ್ದು ಕೇಳುತ್ತಿತ್ತು. ಎರಡನೆಯ ವರ್ಷ ಕಡಿಮೆಯಾಯಿತು. ದೀಪಾವಳಿಯ ಹೊತ್ತಿಗೆ ನಿಂತೇಹೋಯಿತು.

ಅವಳು ಅದನ್ನು ಡಾಕ್ಟರಿಗೆ ಹೇಳಿದಳು.

“ಮೇಡಂ, ಹನ್ನೊಂದು ಸಪ್ಪಳಾನೇ ಮಾಡವಲ್ದರಿ. ತಲಿ ಹಿಡದ್ರೂ ಸುಮ್ಮ ಇರ್ತದ.”

ರಝಿಯಾ ಪುಸ್ತಕ ತಿರುವಿ ನೋಡಿದರು. “ಊಟ ಮಾಡ್ತದಿಲ್ಲ?”

“ಮಾಡ್ತದರಿ.”

“ನಂಬರ್ ತೊಂಬತ್ತಾರು ಅದ. ಮತ್ತೇನ್ ಆಗ್ಬೇಕು? ಅದಕ್ಕ ನಿನ್ನ ಕೈ ರೂಢಿ ಆಗ್ಯದ, ಜಗದೇವಿ. ನಿನ್ನ ಮ್ಯಾಲ ನಂಬಿಕಿ ಬಂದದ.”

ಆ ಮಾತು ಅವಳಿಗೆ ಹಿತವಾಯಿತು. ಮನೆಯಲ್ಲಿ ರೊಟ್ಟಿ ತಟ್ಟುತ್ತ ಹೇಳಿಕೊಂಡಳು. ಹಳೇ ಖಣಿಯಲ್ಲಿ ಕಲ್ಲು ಸೀಳುವ ಕೆಲಸ ಮಾಡುತ್ತಿದ್ದ ಅವಳ ಗಂಡ ಭೀಮಶಾ ಬಿದ್ದು ಬಿದ್ದು ನಕ್ಕ.

“ಹಾವಿಗೂ ಸರಕಾರಿ ನೌಕರಿ ಸಿಕ್ಕಂಗಾತು ಬಿಡು. ಕುಂತಲ್ಲೇ ಊಟ, ತಣ್ಣಂದು ಕ್ವಾಣಿ. ಸಿಟ್ಟರ ಎದಕ್ಕ ಬರ್ತದ?”

ಅತ್ತೆ ಸಿದ್ದಮ್ಮನೂ ಮಗಳು ಅಂಬಿಕಾಳೂ ನಕ್ಕರು. ಮತ್ತೆ ಆ ವಿಷಯ ಎದ್ದದ್ದಿಲ್ಲ.

ಜನವರಿಯ ಒಂದು ಮಂಗಳವಾರ, ಬೆಳಗಿನ ಹನ್ನೊಂದು ಗಂಟೆಗೆ, ಭೀಮಶಾನನ್ನು ಅವನ ಜೊತೆಗಾರ ಹುಸೇನಪ್ಪ ಮೋಟಾರ್ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಆಸ್ಪತ್ರೆಗೆ ತಂದ. ಬಲಗೈಯ ನಡುಬೆರಳು ಊದಿತ್ತು. ಕಲ್ಲಿನ ಹಲಗೆ ಎತ್ತುವಾಗ ಅಡಿಯಿಂದ ಚುಚ್ಚಿತಂತೆ. ಹಾವು ಸಿಗಲಿಲ್ಲ, ಸಂದಿಯೊಳಗೆ ಹೋಯಿತು. ಆದರೆ ಹುಸೇನಪ್ಪ ಕಣ್ಣಾರೆ ನೋಡಿದ್ದ. ಗರಗಸ ಮಂಡಲವೇ.

“ಅಂಜಬ್ಯಾಡ, ನಿನ್ನ ಹೇಣ್ತಿ ಹಾವಿನ ಮನ್ಯಾಗ ಇದ್ದಾಳ,” ಎಂದು ದಾರಿಯುದ್ದಕ್ಕೂ ಹೇಳುತ್ತ ಬಂದಿದ್ದ.

ಗಾಜಿನ ಕೊಳವೆಯಲ್ಲಿ ಭೀಮಶಾನ ರಕ್ತ ತೆಗೆದು ಇಪ್ಪತ್ತು ನಿಮಿಷ ಅಲುಗಾಡಿಸದೆ ಇಟ್ಟರು. ಒಳ್ಳೆಯ ರಕ್ತವಾದರೆ ಅಷ್ಟರಲ್ಲಿ ಹೆಪ್ಪುಗಟ್ಟಬೇಕು. ಓರೆ ಮಾಡಿದಾಗ ಅದು ನೀರಿನಂತೆ ಹರಿಯಿತು. ಜಗದೇವಿ ಹನ್ನೊಂದನೇ ಪೆಟ್ಟಿಗೆಯ ಮುಚ್ಚಳ ತೆಗೆದಳು. ಕೊಕ್ಕೆಯಿಂದ ಹಾವನ್ನು ಮೇಜಿಗೆ ಇಳಿಸಿ, ತಲೆಯ ಹಿಂದೆ ಹಿಡಿದು, ತೆಳು ಪೊರೆ ಬಿಗಿದ ಗಾಜಿನ ಬಟ್ಟಲಿಗೆ ಹಲ್ಲು ಊರಿಸಿದಳು. ಹಳದಿ ಹನಿ ಇಳಿಯಿತು. ಹಾವು ಹೊರಳಾಡಲಿಲ್ಲ, ಸದ್ದು ಮಾಡಲಿಲ್ಲ.

ಪರದೆಯ ಮೇಲೆ ತೊಂಬತ್ತಾರು ಬಂತು. ಹುಸೇನಪ್ಪ ಎಲ್ಲರಿಗೂ ಚಹಾ ತರಿಸಿದ. ಭೀಮಶಾ ಮಂಚದ ಮೇಲೆ ಕೂತು, “ನನ್ನ ಪಾಳಿ ಬರೂತನ ಮದ್ದು ಹಳಸಿಲ್ಲಲ್ಲ?” ಎಂದು ಕೇಳಿ ಹೆಂಡತಿಯ ಕಡೆ ನೋಡಿ ನಕ್ಕ. ಹಲ್ಲಿನ ಸಂದಿಯಲ್ಲಿ ಸ್ವಲ್ಪ ರಕ್ತ ಇತ್ತು.

ಮರುದಿನವೂ ರಕ್ತ ಹೆಪ್ಪುಗಟ್ಟಲಿಲ್ಲ. ಇನ್ನೊಂದು ಹನಿ, ಇನ್ನೊಂದು ಸಲ ಮದ್ದು. ಪರದೆ ತೊಂಬತ್ತೇಳು ಎಂದಿತು. ಬುಧವಾರ ಸಂಜೆ ಒಸಡಿನ ರಕ್ತ ಹೆಚ್ಚಾಯಿತು. ರಝಿಯಾ ಜಿಲ್ಲಾ ಆಸ್ಪತ್ರೆಗೆ ಫೋನು ಮಾಡಿ ಹಳೆಯ ಕುದುರೆ ಮದ್ದು ಉಳಿದಿದೆಯೇ ಎಂದು ಕೇಳಿದರು. ಮೂರು ಸೀಸೆ ಇದ್ದವು, ಮೂರರ ಅವಧಿಯೂ ಮುಗಿದಿತ್ತು. ಗುರುವಾರ ಭೀಮಶಾ ತಲೆ ಸಿಡಿಯುತ್ತಿದೆ ಎಂದ. ಶುಕ್ರವಾರ ಬೆಳಗ್ಗೆ ಏಳೂವರೆಗೆ ತೀರಿಕೊಂಡ. ತಲೆಯೊಳಗೆ ರಕ್ತಸ್ರಾವವಾಗಿತ್ತು.

ಮಣ್ಣು ಮಾಡಿ ಬಂದರು. ಸಿದ್ದಮ್ಮ ಎದೆ ಬಡಿದುಕೊಂಡು ಅತ್ತಳು. ಅಂಬಿಕಾ ಗೋಡೆಗೆ ಮುಖ ಮಾಡಿ ಅತ್ತಳು. ಜಗದೇವಿ ಬಂದವರಿಗೆ ನೀರು ಕೊಟ್ಟಳು, ಕೂರಲು ಚಾಪೆ ಹಾಸಿದಳು, ಚಪ್ಪಲಿಗಳನ್ನು ಸಾಲಾಗಿ ಇಟ್ಟಳು. ಓಣಿಯ ಹೆಂಗಸರು ಅವಳ ಬೆನ್ನು ನೇವರಿಸಿ, “ಅಳು ತಂಗಿ, ಅತ್ತರ ಹಗುರ ಆಗ್ತದ,” ಎಂದರು. ಅವಳು ಹೂಂ ಎಂದಳು. ಅಳು ಬರಲಿಲ್ಲ. ಅಳು ಬರಲಿಲ್ಲವೆಂದು ದುಃಖವೂ ಆಗಲಿಲ್ಲ. ಮೂರನೇ ದಿನದ ಕಾರ್ಯ ಮುಗಿಸಿ ಮರುದಿನ ಎಂಟಕ್ಕೆ ಅವಳು ಕೆಲಸಕ್ಕೆ ಹೊರಟು ನಿಂತಾಗ ಅಂಬಿಕಾ ಬಾಗಿಲಿಗೆ ಅಡ್ಡ ಬಂದಳು. ಹದಿನಾರು ವರ್ಷದ ಹುಡುಗಿ, ಕಣ್ಣು ಬಾತಿದ್ದವು.

“ಅವ್ವ, ನಿನಗ ಏನೂ ಅನಸವಲ್ದೇನು?”

“ಅನಸ್ತದ.”

“ಏನ್ ಅನಸ್ತದ?”

ಜಗದೇವಿ ಯೋಚಿಸಿ ನೋಡಿದಳು. ಸುಳ್ಳು ಹೇಳಲು ಮನಸ್ಸಾಗಲಿಲ್ಲ. “ಆರು ದಿನ ಆತು, ಬಟ್ಟಲಾ ತೊಳದಿಲ್ಲ ಅನಸ್ತದ.”

ಅಂಬಿಕಾ ದಾರಿ ಬಿಟ್ಟಳು. ಆಮೇಲೆ ಬಹಳ ದಿನ ತಾಯಿಯ ಜೊತೆ ಬೇಕಾದಷ್ಟೇ ಮಾತಾಡಿದಳು.

ಕೋಣೆಯಲ್ಲಿ ಎಲ್ಲ ಇದ್ದ ಹಾಗೆಯೇ ಇತ್ತು. ಒಂದರಿಂದ ಹತ್ತರವರೆಗೆ ಬಟ್ಟಲು ತೊಳೆದು, ಹನ್ನೊಂದರ ಮುಂದೆ ಅವಳು ನಿಂತಳು. ಗಾಜನ್ನು ಬೆರಳಿನಿಂದ ಬಡಿದಳು. ಹಾವು ತಲೆಯನ್ನೂ ಎತ್ತಲಿಲ್ಲ. ಕೊಕ್ಕೆಯಿಂದ ಮುಟ್ಟಿದಳು. ಸ್ವಲ್ಪ ಸರಿದು ಸುಮ್ಮನಾಯಿತು. ಅವಳು ಸ್ಟೂಲು ಎಳೆದುಕೊಂಡು ಕೂತಳು. ಎಷ್ಟು ಹೊತ್ತು ಕೂತಳೋ, ಡಾಕ್ಟರು ಬಂದು ಹೆಗಲ ಮೇಲೆ ಕೈಯಿಟ್ಟಾಗಲೇ ಎದ್ದದ್ದು.

“ಇನ್ನೊಂದು ವಾರ ರಜಾ ತಗೋ ಅಂದಿದ್ನಲ್ಲ, ಜಗದೇವಿ.”

“ಮೇಡಂ, ಈ ಹಾವಿನ ವಿಷ ಹೊರಗಿನ ಹಾವಿನಂಗೇ ಅದಂತ ಹ್ಯಾಂಗ ಗೊತ್ತಾಗ್ತದರಿ?”

“ತಿಂಗಳಿಗೊಮ್ಮೆ ಹೋಲಿಸಿ ನೋಡ್ತೀವಲ್ಲ.”

“ಎದರ ಜೋಡಿ?”

“ಹಿಂದಿನ ತಿಂಗಳು ತೆಗೆದದ್ದರ ಜೋಡಿ.”

“ಆ ಹಿಂದಿನ ತಿಂಗಳದ್ದು?”

“ಅದರ ಹಿಂದಿನ...” ರಝಿಯಾ ಅಲ್ಲಿಗೆ ನಿಲ್ಲಿಸಿದರು. ಕೈಯಲ್ಲಿದ್ದ ಪೆನ್ನಿನ ಮುಚ್ಚಳವನ್ನು ಹಾಕಿ, ತೆಗೆದು, ಮತ್ತೆ ಹಾಕಿದರು. “ಮೊದಲನೇ ಹನಿ ಇಟ್ಟಿದ್ವಿ. ಅದು ಎರಡು ತಿಂಗಳಿಗೇ ಕೆಟ್ಟುಹೋಗ್ತದ. ಅದಕ್ಕ ಹೊಸದನ್ನ ಇಟ್ಟು ಮುಂದಕ್ಕ ಹೋಗೂದು ನಿಯಮ. ತಿಂಗಳಿಗೆ ಒಂದೋ ಎರಡೋ ಅಂಶ ಫರಕು ಬರ್ತಿತ್ತು, ಅಷ್ಟೇ. ಯಂತ್ರ ಅದನ್ನ ತಾನೇ ಸರಿ ಮಾಡ್ಕೊಳ್ತದ.”

ಇಬ್ಬರೂ ಹಾವನ್ನು ನೋಡಿದರು. ಹೊರಗಿದ್ದಾಗ ಅದು ಚೇಳು, ಮಿಡತೆ, ಲಕ್ಷ್ಮಿಚೇಳು ತಿಂದು, ಕಾದ ಕಲ್ಲಿನಡಿ ಬದುಕಿದ ಪ್ರಾಣಿ. ಇಲ್ಲಿ ಇಪ್ಪತ್ತಾರು ತಿಂಗಳಿಂದ ಬಿಳಿ ಇಲಿಮರಿ, ಒಂದೇ ಹದದ ತಂಪು.

“ನನಗ ಹಳೇ ಖಣಿಯ ಹೊಸ ಹಾವು ಬೇಕು,” ಎಂದರು ರಝಿಯಾ. ದನಿ ಬಹಳ ಸಣ್ಣಗಿತ್ತು. “ಅರಣ್ಯ ಇಲಾಖೆಯವರಿಗೆ ಬರೀತೀನಿ.”

“ನಾ ತರ್ತೀನ್ರಿ,” ಎಂದಳು ಜಗದೇವಿ.

ಮರುದಿನ ಬೆಳಗ್ಗೆ ಬಿಸಿಲು ಏರುವ ಮೊದಲೇ ಅವಳು ಕೊಕ್ಕೆ, ಇಕ್ಕಳ, ಬಕೆಟ್ಟು ಹಿಡಿದು ಖಣಿಗೆ ಇಳಿದಳು. ಹುಸೇನಪ್ಪ ಜೊತೆಗೆ ಬಂದ. ಭೀಮಶಾ ಕೆಲಸ ಮಾಡುತ್ತಿದ್ದ ಜಾಗದಲ್ಲಿ ಅವನ ಉಳಿ, ಸುತ್ತಿಗೆ ಹಾಗೇ ಬಿದ್ದಿದ್ದವು. ಯಾರೂ ಮುಟ್ಟಿರಲಿಲ್ಲ.

“ವೈನಿ, ಇದ ನೋಡ್ರಿ ಆ ಕಲ್ಲು,” ಎಂದು ಹುಸೇನಪ್ಪ ತೋರಿಸಿದ. “ನೀವ್ಯಾಕ ಬರಾಕ ಹೋದ್ರಿ? ನಾವೇ ಹಿಡದು ತರ್ತಿದ್ವಿ.”

“ನೀವು ಹಿಡ್ಯಾಕ ಹೋಗಿ ಇನ್ನೊಬ್ಬರಿಗೆ ಕಚ್ಚಿದ್ರ ಮದ್ದು ಇಲ್ಲ, ಹುಸೇನಪ್ಪ.”

ಅವನು ಅವಳ ಮುಖ ನೋಡಿದ. “ಇಲ್ಲಂದ್ರ?”

“ಇಲ್ಲ ಅಂತ ನನ್ನ ಅನುಮಾನ.”

ಅವನು ಹಾರೆಯಿಂದ ಹಲಗೆಗಳನ್ನು ಒಂದೊಂದಾಗಿ ಎಬ್ಬಿಸಿದ. ಒಂಬತ್ತನೆಯ ಹಲಗೆಯಡಿ ಆ ಸದ್ದು ಕೇಳಿತು. ಕಣ್ಣಿಗೆ ಬೀಳುವ ಮೊದಲೇ ಚರ್ರೆಂದು ಕೇಳಿತು. ಜಗದೇವಿ ಒಂದು ಹೆಜ್ಜೆ ಹಿಂದೆ ಸರಿದಳು. ಆ ಸದ್ದನ್ನು ತಾನು ಮರೆತೇಬಿಟ್ಟಿದ್ದೆ ಎಂದು ಆಗ ಅವಳಿಗೆ ಗೊತ್ತಾಯಿತು. ಹಾವು ಎಂಟರ ಆಕಾರದಲ್ಲಿ ಸುತ್ತಿಕೊಂಡು, ತಲೆ ಹಿಂದಕ್ಕೆಳೆದು, ಅವಳು ಕೊಕ್ಕೆ ಚಾಚಿದ ಕೂಡಲೇ ಎರಡು ಸಲ ಕಬ್ಬಿಣಕ್ಕೆ ಕಚ್ಚಿತು. ಅವಳು ನಿಧಾನವಾಗಿ ಎತ್ತಿ ಬಕೆಟ್ಟಿಗೆ ಇಳಿಸಿ ಮುಚ್ಚಳ ಹಾಕಿದಳು.

“ಅಣ್ಣಗ ಕಚ್ಚಿದ್ದು ಇದೇ ಏನ್ರಿ?”

“ಗೊತ್ತಿಲ್ಲ.”

“ಇದ ಇದ್ರ?”

“ಇದ್ರೂ ಇದ ಬೇಕು.”

ಯಂತ್ರದ ಕೋಣೆಯಲ್ಲಿ ರಝಿಯಾ ಎರಡು ಕೆಲಸ ಮಾಡಿದರು. ಹನ್ನೊಂದರ ವಿಷದಿಂದ ಎಂದಿನಂತೆ ಮದ್ದು ತಯಾರಿಸಿದರು. ತೊಂಬತ್ತಾರು. ಅದೇ ಮದ್ದನ್ನು ಹೊಸ ಹಾವಿನ ವಿಷಕ್ಕೆ ಕೂಡಿಸಿ ಎಷ್ಟು ಹಿಡಿಯುತ್ತದೆ ಎಂದು ಅಳೆದರು. ಪರದೆಯ ಮೇಲೆ ಮೂವತ್ತೆಂಟು ಬಂತು. ಇನ್ನೊಮ್ಮೆ ಅಳೆದರು. ಮೂವತ್ತೇಳು.

ರಝಿಯಾ ಎದ್ದು ಹೋಗಿ ನಲ್ಲಿ ತಿರುಗಿಸಿ ಮುಖ ತೊಳೆದುಕೊಂಡರು. ಬಹಳ ಹೊತ್ತು ತೊಳೆದುಕೊಂಡರು. ವಾಪಸು ಬಂದು, “ನೀ ನನಗ ದೀಪಾವಳ್ಯಾಗ ಹೇಳಿದ್ದಿ,” ಎಂದರು.

ಜಗದೇವಿ ಬಟ್ಟಲುಗಳನ್ನು ಒಂದರೊಳಗೊಂದು ಜೋಡಿಸುತ್ತಿದ್ದಳು.

“ನಾ ನಂಬರ್ ನೋಡಿದೆ. ಹಾವು ನೋಡ್ಲಿಲ್ಲ,” ಎಂದರು ರಝಿಯಾ.

“ಹೊಸದಕ್ಕ ಯಾವ ಪೆಟ್ಟಿಗಿ ಕೊಡ್ಲಿ ಮೇಡಂ?”

ಜಗದೇವಿ ಮೂಲೆಯಲ್ಲಿದ್ದ ಖಾಲಿ ಪೆಟ್ಟಿಗೆಯನ್ನು ಒರೆಸಿ, ಮರಳು ಹಾಕಿ, ಬಳಪದಿಂದ ಇಪ್ಪತ್ತೈದು ಎಂದು ಬರೆದಳು.

ಆ ಮಧ್ಯಾಹ್ನವೇ ರಝಿಯಾ ರಾಜಧಾನಿಗೆ ವರದಿ ಕಳಿಸಿದರು. ಕಳಿಸದೆಯೂ ಇರಬಹುದಿತ್ತು. ಪೆಟ್ಟಿಗೆಯ ಹಾವು ಬದಲಿಸಿ ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ವಾರದೊಳಗೆ ಬೇರೆ ಬೇರೆ ತಾಲೂಕುಗಳ ಕೇಂದ್ರಗಳಲ್ಲಿ ಹೊಸ ಹಾವು ಹಿಡಿದು ಪರೀಕ್ಷೆ ಮಾಡಿದರು. ಒಂದು ಕಡೆ ಐವತ್ತೆರಡು, ಒಂದು ಕಡೆ ನಲವತ್ತನಾಲ್ಕು. ಬಂದು ವರ್ಷ ತುಂಬದ ಹಾವುಗಳು ಎಪ್ಪತ್ತು ಎಂಬತ್ತರಲ್ಲಿ ಇದ್ದವು. ಹೆಚ್ಚು ದಿನ ಸಾಕಿದಷ್ಟೂ ಕಡಿಮೆ. ಮುಂದಿನ ಆದೇಶದವರೆಗೆ ರಾಜ್ಯದ ಎಲ್ಲ ಅಚ್ಚುಗಳನ್ನೂ ನಿಲ್ಲಿಸಬೇಕು ಎಂದು ಹುಕುಂ ಬಂತು.

ಖಣಿಗಳ ಕೂಲಿಕಾರರು ಆಸ್ಪತ್ರೆಯ ಅಂಗಳದಲ್ಲಿ ಸೇರಿದರು. ಸಿಟ್ಟಿನಿಂದ ಬಂದಿದ್ದರು. ರಝಿಯಾ ಮೆಟ್ಟಿಲ ಮೇಲೆ ನಿಂತು ನಡೆದದ್ದನ್ನು ಬಿಡಿಸಿ ಹೇಳಿದರು. ಪ್ರತಿ ತಿಂಗಳ ವಿಷವನ್ನೂ ಹಿಂದಿನ ತಿಂಗಳದ್ದಕ್ಕೆ ಹೋಲಿಸುತ್ತ ಬಂದೆವು, ಹಾವು ಸ್ವಲ್ಪ ಸ್ವಲ್ಪವೇ ಬದಲಾಯಿತು, ಯಂತ್ರವೂ ಅದರ ಜೊತೆಗೆ ಬದಲಾಯಿತು, ಆದ್ದರಿಂದ ನಂಬರ್ ಬದಲಾಗಲಿಲ್ಲ ಎಂದರು. ಆಮೇಲೆ ಹುಸೇನಪ್ಪ ಕೇಳಿದ.

“ಮೇಡಂ, ಫರಸಿ ಕೊಯ್ಯಾಗ ಮೊದಲಿನ ಅಳತಿ ಕಲ್ಲು ಅಂತ ಒಂದು ಇಟ್ಕೊಂಡಿರ್ತೀವ್ರಿ. ನೂರು ಕಲ್ಲು ಕೊಯ್ದರೂ ಅದರ ಮ್ಯಾಲೇ ಇಟ್ಟು ಗೀಟು ಹಾಕ್ಬೇಕು. ಈಗ ಕೊಯ್ದ ಕಲ್ಲು ಇಟ್ಟು ಮುಂದಿನ ಕಲ್ಲು ಕೊಯ್ದ್ರ ಹತ್ತನೇ ಕಲ್ಲಿಗೆ ಒಂದು ಬೆರಳು ಫರಕು ಬರ್ತದ. ಇದನ್ನ ನಮಗ ಮೊದಲನೇ ದಿನಾನೇ ಕಲಿಸ್ತಾರ. ನಿಮಗ ಯಾರೂ ಕಲಿಸ್ಲಿಲ್ಲೇನ್ರಿ?”

ರಝಿಯಾ ತಲೆ ತಗ್ಗಿಸಿದರು. “ಕಲಿಸಿದ್ರು,” ಎಂದರು.

ಹುಕುಂ ಬಂದ ಹನ್ನೆರಡನೆಯ ದಿನ ಚಂದಮ್ಮ ಎಂಬ ಹೆಂಗಸಿಗೆ ಕಚ್ಚಿತು. ಹಳೇ ಖಣಿಯಲ್ಲೇ ಲಾರಿಗೆ ಕಲ್ಲು ಹೇರುವವಳು, ಎರಡು ಮಕ್ಕಳ ತಾಯಿ. ಕೊಳವೆಯಲ್ಲಿ ಅವಳ ರಕ್ತವೂ ನೀರಿನಂತೆ ಹರಿಯಿತು. ಹೊರರಾಜ್ಯದಿಂದ ಬರಬೇಕಿದ್ದ ಕುದುರೆ ಮದ್ದು ಇನ್ನೂ ದಾರಿಯಲ್ಲಿತ್ತು. ರಝಿಯಾ ಯಂತ್ರದ ಬಾಗಿಲಿಗೆ ಹಚ್ಚಿದ್ದ ಮೊಹರಿನ ಕಾಗದವನ್ನು ನೋಡುತ್ತ ನಿಂತರು.

“ಹೊಸ ಹಾವಿನದು ತೆಗೀಲೇನ್ರಿ?” ಎಂದಳು ಜಗದೇವಿ.

“ತೆಗಿ.” ರಝಿಯಾ ಕಾಗದ ಹರಿದರು.

ಇಪ್ಪತ್ತೈದನೇ ಪೆಟ್ಟಿಗೆಯ ಹಾವು ಮೇಜಿನ ಮೇಲೆ ಬುಸುಗುಟ್ಟಿತು, ಹುರುಪೆ ಉಜ್ಜಿತು, ಬಟ್ಟಲಿನ ಅಂಚಿಗೆ ಹಲ್ಲು ಬಡಿಯಿತು. ಜಗದೇವಿ ಅದರ ತಲೆ ಹಿಡಿಯಲು ಮೂರು ಸಲ ಪ್ರಯತ್ನಿಸಬೇಕಾಯಿತು. ಹೋಲಿಸಿ ನೋಡಲು ಇದರ ಹಳೆಯ ಹನಿ ಯಂತ್ರದಲ್ಲಿ ಇರಲಿಲ್ಲವಾದ್ದರಿಂದ ಹೊರಗಿನ ಪರದೆಯ ಮೇಲೆ ಸಂಖ್ಯೆ ಮೂಡಲಿಲ್ಲ. ಎರಡು ಅಡ್ಡ ಗೀಟು ಮಾತ್ರ ಬಂದವು. ಚಂದಮ್ಮನ ಗಂಡ ಓಡಿ ಬಂದು ಜಗದೇವಿಯನ್ನು ತಡೆದ.

“ಅಕ್ಕ, ನಂಬರ್ ಎಷ್ಟು? ನಂಬರ್ ಬರಲೇ ಇಲ್ಲ!”

“ನಂಬರ್ ಇಲ್ಲಪ್ಪ.”

“ಮತ್ತ ನಾ ಹ್ಯಾಂಗ ನಂಬಲಿ?”

“ಈ ಹಾವು ಹದಿನೆಂಟು ದಿನದ ಹಿಂದ ನಿಮ್ಮ ಖಣ್ಯಾಗ ಇತ್ತು. ನನಗ ಗೊತ್ತಿರೂದು ಇಷ್ಟ.”

ಅವನು ಅವಳ ಹಣೆ ನೋಡಿದ. ಕುಂಕುಮವಿರಲಿಲ್ಲ. ಅವಳು ಯಾರ ಹೆಂಡತಿ ಎಂದು ಆಗ ಅವನಿಗೆ ಹೊಳೆಯಿತು. ಪಕ್ಕಕ್ಕೆ ಸರಿದು ನಿಂತ.

ಸಂಜೆ ಐದಕ್ಕೆ ಕೊಳವೆ ಓರೆ ಮಾಡಿದಾಗ ರಕ್ತ ಅಲುಗಲಿಲ್ಲ. ಗಟ್ಟಿ ಮೊಸರಿನಂತೆ ತಳಕ್ಕೆ ಅಂಟಿಕೊಂಡಿತ್ತು. ನರ್ಸು ಕೂಗಿಕೊಂಡು ಹೊರಗೆ ಓಡಿದಳು. ಮೊಗಸಾಲೆಯಲ್ಲಿ ಗದ್ದಲವೆದ್ದಿತು. ಜಗದೇವಿ ಆ ಕೊಳವೆಯನ್ನು ತಾನೂ ಒಮ್ಮೆ ಓರೆ ಮಾಡಿ ನೋಡಿ, ಸ್ಟ್ಯಾಂಡಿನಲ್ಲಿಟ್ಟು, ಉಳಿದಿದ್ದ ಬಟ್ಟಲುಗಳನ್ನು ತೊಳೆಯಲು ಹೋದಳು. ಸಂತೋಷವಾಗಬೇಕಿತ್ತು. ಹೊಟ್ಟೆಕಿಚ್ಚಾದರೂ ಆಗಬೇಕಿತ್ತು. ಎರಡೂ ಆಗಲಿಲ್ಲ. ಬೇರೆ ಯಾರದೋ ಮನೆಯ ಸುದ್ದಿ ಕೇಳಿದಂತಿತ್ತು.

ಅವಳು ಮನೆಗೆ ಹೋಗುವಷ್ಟರಲ್ಲಿ ಸುದ್ದಿ ಓಣಿಗೆ ಮುಟ್ಟಿತ್ತು. ಸಿದ್ದಮ್ಮ ಒಲೆಯ ಮುಂದೆ ಕೂತು ಕೈ ಮುಗಿಯುತ್ತಿದ್ದಳು. “ಚಂದಮ್ಮ ಉಳದಾಳಂತ. ಸಣ್ಣ ಮಕ್ಕಳ ತಾಯಿ. ಅವರ ದೈವ ಗಟ್ಟಿ. ನಮ್ಮದು ಇರ್ಲಿಲ್ಲ.”

ಜಗದೇವಿ ಕೈಕಾಲು ತೊಳೆದು ಬಂದು ಅತ್ತೆಯ ಎದುರು ಕೂತಳು. ಅಂಬಿಕಾ ಮೂಲೆಯಲ್ಲಿ ಓದುತ್ತಿದ್ದಳು.

“ದೈವ ಅಲ್ಲ, ಅತ್ತಿ. ಆ ಹಾವು ಬದಲಾಗಿತ್ತು. ಸಪ್ಪಳ ಮಾಡೂದು ಬಿಟ್ಟಿತ್ತು. ನನಗ ಗೊತ್ತಿತ್ತು.”

ಸಿದ್ದಮ್ಮ ಕೈ ಕೆಳಗಿಳಿಸಿದಳು. “ನೀ ಹೇಳಿದ್ದಿಲ್ಲ? ಆ ಡಾಕ್ಟರಮ್ಮಗ ಹೇಳಿದ್ದೆ ಅಂತ ಅವತ್ತು ಇಲ್ಲೇ ಕುಂತು ಹೇಳಿದ್ದಿ.”

“ಒಂದ್ಸಲ ಹೇಳಿದ್ದೆ. ನನ್ನ ಕೈಗೆ ರೂಢಿ ಆಗ್ಯದ ಅಂದ್ರು. ಖುಷಿ ಆತು.”

“ಎರಡನೇ ಸಲ ಯಾಕ ಹೇಳ್ಲಿಲ್ಲ?”

ಜಗದೇವಿ ಒಲೆಗೆ ಇನ್ನೊಂದು ಕಟ್ಟಿಗೆ ದೂಡಿದಳು. ಅದು ಚಿಟಿಚಿಟಿ ಎಂದಿತು. ಅಂಬಿಕಾ ಪುಸ್ತಕ ಮುಚ್ಚಿ ಇಬ್ಬರನ್ನೂ ನೋಡುತ್ತಿದ್ದಳು.

“ನನ್ನ ಮಗ ಮಲಗಿದಾಗ, ಅವನ ಸಲುವಾಗಿ ಅದ ಹಾವಿನ ತಲಿ ಹಿಡದಾಗ, ಅವಾಗರ ಹೇಳ್ಬೇಕಿತ್ತಿಲ್ಲ?”

“ಹೇಳ್ಬೇಕಿತ್ತು.”

ಸಿದ್ದಮ್ಮ ಬೆಳಗ್ಗೆ ಎರಡು ಸೀರೆ, ಎಲೆಅಡಿಕೆಯ ಚೀಲ ಗಂಟು ಕಟ್ಟಿಕೊಂಡು ಯಾದಗಿರಿಯ ಮಗಳ ಮನೆಗೆ ಹೊರಟಳು. ಅಂಬಿಕಾ ಬಸ್ ಸ್ಟ್ಯಾಂಡಿನ ತನಕ ಹೋಗಿ ಕೂರಿಸಿ ಬಂದಳು. ಅಂದಿನಿಂದ ಮನೆಯಲ್ಲಿ ತಾಯಿ ಮಗಳು ಇಬ್ಬರೇ. ಒಂದು ರಾತ್ರಿ ಊಟಕ್ಕೆ ಕೂತಾಗ ಅಂಬಿಕಾ ಇದ್ದಕ್ಕಿದ್ದಂತೆ, “ನಾನೂ ಅವತ್ತು ನಕ್ಕಿದ್ದೆ,” ಎಂದಳು. ಜಗದೇವಿ ಅವಳ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. ಹುಡುಗಿ ಅದನ್ನು ತಿಂದಳು.

ಮಾರ್ಚಿನಲ್ಲಿ ತನಿಖಾ ಸಮಿತಿ ಬಂತು. ಮೂವರು ಸಾಹೇಬರು ಜಗದೇವಿಯನ್ನು ಕುರ್ಚಿಯ ಮೇಲೆ ಕೂರಿಸಿ ಮರ್ಯಾದೆಯಿಂದಲೇ ಕೇಳಿದರು. ಯಂತ್ರಕ್ಕೆ ಗೊತ್ತಾಗದ್ದು ನಿಮಗೆ ಹೇಗೆ ಗೊತ್ತಾಯಿತು, ಲಿಖಿತವಾಗಿ ಯಾಕೆ ಕೊಡಲಿಲ್ಲ. ದಿನದ ವರದಿಯ ಹಾಳೆಯಲ್ಲಿ ತೂಕ, ಊಟ, ಪೊರೆ ಬಿಟ್ಟ ದಿನ, ಇವಕ್ಕೆ ಮಾತ್ರ ಜಾಗವಿದೆ ಎಂದಳು. ಅವರು ಬರೆದುಕೊಂಡರು. ರಝಿಯಾ ತಮ್ಮ ತಪ್ಪೆಂದು ಒಪ್ಪಿ ಬರೆದುಕೊಟ್ಟಿದ್ದರು. ಮೊಹರು ಹರಿದದ್ದಕ್ಕೆ ಅವರಿಗೊಂದು ನೋಟೀಸೂ ಬಂದಿತ್ತು. ಕೊನೆಗೆ ಬಂದ ವರದಿಯಲ್ಲಿ ಇದು ಪದ್ಧತಿಯ ದೋಷ, ಯಾವ ವ್ಯಕ್ತಿಯ ತಪ್ಪೂ ಕಂಡುಬರುವುದಿಲ್ಲ ಎಂದಿತ್ತು. ರಝಿಯಾ ಅದನ್ನು ಓದಿ ಹೇಳಿದಾಗ ಜಗದೇವಿ, “ಇನ್ನೊಮ್ಮೆ ಓದ್ರಿ,” ಎಂದಳು. ರಝಿಯಾ ಓದಿದರು. ಇಬ್ಬರಿಗೂ ಅದರಿಂದ ಹಗುರವಾಗಲಿಲ್ಲ.

ಹೊಸ ನಿಯಮ ಬಂತು. ಯಾವ ಹಾವನ್ನೂ ತೊಂಬತ್ತು ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳಬಾರದು. ಹಿಡಿದ ಜಾಗದಲ್ಲೇ ವಾಪಸು ಬಿಟ್ಟು ಬೇರೆ ಹಿಡಿಯಬೇಕು. ಹಿಡಿಯುವವರು ತರಬೇತಿ ಪಡೆದವರೇ ಆಗಿರಬೇಕು. ಬಂಡೆಪಳ್ಳಿಯಲ್ಲಿ ತರಬೇತಿ ಕೊಡುವ ಕೆಲಸ ಜಗದೇವಿಯ ಪಾಲಿಗೆ ಬಂತು. ಮೊದಲ ತಂಡದಲ್ಲಿ ಹುಸೇನಪ್ಪ ಇದ್ದ, ಚಂದಮ್ಮನೂ ಇದ್ದಳು. ಹಳೆಯ ಹಾವುಗಳು ಹೊರಗೆ ಬದುಕಲಾರವು ಎಂದು ಅವನ್ನು ಸಾಯುವ ತನಕ ಸಾಕಲು ಅನುಮತಿ ಸಿಕ್ಕಿತು. ಹನ್ನೊಂದಕ್ಕೆ ಜಗದೇವಿ ಈಗಲೂ ವಾರಕ್ಕೊಮ್ಮೆ ಇಲಿಮರಿ ಹಾಕುತ್ತಿದ್ದಳು. ಅದರ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಅದೇನು ಮಾಡಿತ್ತು?

ಏಪ್ರಿಲ್ ಕೊನೆಗೆ ಇಪ್ಪತ್ತೈದರ ತೊಂಬತ್ತು ದಿನ ಮುಗಿದವು. ಅವಳು ಅದನ್ನು ಬಕೆಟ್ಟಿಗೆ ಹಾಕಿ ಕೇಂದ್ರದ ಬಾಗಿಲಿಗೆ ಬಂದಾಗ ಬೇವಿನ ಮರದ ಕೆಳಗೆ ಸಿದ್ದಮ್ಮ ಗಂಟು ಹಿಡಿದು ಕೂತಿದ್ದಳು. ಯಾದಗಿರಿಯ ಮೊದಲ ಬಸ್ಸಿಗೆ ಬಂದಿದ್ದಳು. ಮನೆಗೆ ಹೋಗಿರಲಿಲ್ಲ. ಎರಡೂವರೆ ತಿಂಗಳಲ್ಲಿ ಬಹಳ ಸೊರಗಿದ್ದಳು.

“ಎಲ್ಲಿಗಿ ಹೊಂಟಿ?”

“ಹಳೇ ಖಣಿಗಿ, ಅತ್ತಿ. ಇದನ್ನ ಬಿಡಾಕ.”

“ನಾನೂ ಬರ್ತೀನಿ.”

ಆಟೋದಲ್ಲಿ ಬಕೆಟ್ಟು ಇಬ್ಬರ ನಡುವೆ ಇತ್ತು. ಸಿದ್ದಮ್ಮ ಮುದುಡಿ ಕೂತು ರಸ್ತೆ ನೋಡುತ್ತಿದ್ದಳು. ಖಣಿಯಲ್ಲಿ ಅಂದು ರಜೆ, ಯಾರೂ ಇರಲಿಲ್ಲ. ಬಿಳುಚಿದ ಕಲ್ಲಿನ ಗುಂಡಿಯ ತುಂಬ ಹತ್ತು ಗಂಟೆಯ ಬಿಸಿಲು ನಿಂತಿತ್ತು. ಜಗದೇವಿ ಮುಂದೆ ಇಳಿದು, ಅತ್ತೆಯ ಕೈ ಹಿಡಿದು ಇಳಿಸಿದಳು. ನೆರಳಿದ್ದ ಒಂದು ಹಲಗೆಗಳ ರಾಶಿಯ ಬಳಿ ಬಕೆಟ್ಟು ಇಟ್ಟಳು.

“ದೂರ ನಿಂದರ್ರಿ.”

“ತೋರ್ಸು ನನಗ.”

ಜಗದೇವಿ ಮುಚ್ಚಳ ತೆಗೆದು ಬಕೆಟ್ಟನ್ನು ಸ್ವಲ್ಪ ವಾಲಿಸಿದಳು. ಸಿದ್ದಮ್ಮ ಸೆರಗು ಬಾಯಿಗೆ ಹಿಡಿದು ಬಗ್ಗಿ ನೋಡಿದಳು. ತಳದಲ್ಲಿ ಹಾವು ಒಂದು ಬಳೆಯಷ್ಟು ಜಾಗದಲ್ಲಿ ಸುತ್ತಿಕೊಂಡು ಚರ್ರೆನ್ನುತ್ತಿತ್ತು.

“ಇಷ್ಟ ಸಣ್ಣದು?” ಎಂದಳು ಸಿದ್ದಮ್ಮ.

ಜಗದೇವಿ ಹೂಂ ಎಂದಳು.

“ನಾ ದೊಡ್ಡದು ಅಂತ ತಿಳಕೊಂಡಿದ್ದೆ. ಇಷ್ಟು ದಿನ ಕಣ್ಣ ಮುಚ್ಚಿದ್ರ ಇಷ್ಟು ದೊಡ್ಡದು ಕಾಣ್ತಿತ್ತು.” ಅವಳು ಎರಡೂ ಕೈಗಳನ್ನು ಅಗಲಿಸಿ ತೋರಿಸಿದಳು. ಕೈಗಳು ಹಾಗೇ ಗಾಳಿಯಲ್ಲಿ ನಿಂತವು. “ಇಷ್ಟ ಸಣ್ಣದಕ್ಕ ನನ್ನ ಮಗ...”

ಜಗದೇವಿ ಬಕೆಟ್ಟನ್ನು ಕಲ್ಲಿನ ಸಂದಿಗೆ ಮಲಗಿಸಿದಳು. ಹಾವು ಒಂದು ಗಳಿಗೆ ಅಂಚಿನಲ್ಲಿ ತಡೆದು, ಓರೆಯಾಗಿ ಹೊರಳುತ್ತ ಹೋಗಿ ಹಲಗೆಯಡಿ ಇಲ್ಲವಾಯಿತು. ಖಾಲಿ ಬಕೆಟ್ಟು ಹಿಡಿದು ಮೇಲೇಳಲು ಹೋದವಳು ಹಿಂದಿದ್ದ ಬಂಡೆಯ ಮೇಲೆ ಕುಸಿದು ಕೂತಳು. ಬಾಯಿಂದ ಏನೋ ದನಿ ಹೊರಟಿತು. ಅದು ತನ್ನದೇ ಅಳು ಎಂದು ತಿಳಿಯಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು. ಬಿಸಿಲಿಗೆ ಕಾದ ಬಂಡೆ ಸೀರೆಯ ಮೂಲಕ ತೊಡೆ ಸುಡುತ್ತಿತ್ತು. ಅದೂ ಆಮೇಲೆಯೇ ತಿಳಿಯಿತು. ಆದರೂ ಅವಳು ಏಳಲಿಲ್ಲ.

ಸಿದ್ದಮ್ಮ ಗಂಟನ್ನು ಕೆಳಗಿಟ್ಟು ಹತ್ತಿರ ಬಂದು, ಅವಳ ರಟ್ಟೆಗೆ ಕೈ ಹಾಕಿದಳು.

“ಏಳು,” ಎಂದಳು. “ಕಲ್ಲು ಸುಡ್ತದ.”